ಇನ್ನೂ ಮೇಲೆ ಹೋಗಲಿಲ್ವಾ?

ನಾನು ಬ್ಯಾಂಕಿಗೆ ಸೇರಿ ಇಪ್ಪತ್ತು ವರ್ಷ ಕಳೆದಿದ್ದಾಗಿನ ಮಾತು. ಒಬ್ಬರು ಹಳೇ ಗ್ರಾಹಕರು ಬಂದರು. ಊರು ಬಿಟ್ಟು ಮುಂಬೈಗೆ ಹೋಗಿ ಹೋಟೆಲ್ ಮಾಡಿದವರು. ಬಹಳ ವರ್ಷದ ಮೇಲೆ ಊರಿಗೆ ಬಂದಿದ್ದರು. ಕ್ಯಾಷ್ ಕೌಂಟರಿನ ಕಿಂಡಿಯಲ್ಲಿ ಬಗ್ಗಿ ನೋಡಿ ನನ್ನ ಗುರುತು ಹಿಡಿದರು. "ಎಂತ ಮೇಡಂ, ನೀವಿನ್ನೂ ಮೇಲೆ ಹೋಗಲಿಲ್ವಾ?" ಅಂದರು, ಇಡೀ ಬ್ಯಾಂಕಿಗೆ ಕೇಳುವ ಹಾಗೆ.

ಪಕ್ಕದ ಸೀಟಿನವರು ಪೆನ್ನು ಕೆಳಗಿಟ್ಟು ನಕ್ಕರು. ಕ್ಯೂನಲ್ಲಿದ್ದವರೂ ನಕ್ಕರು. ಕೇಳಿದವರಿಗೆ ಸ್ವಲ್ಪ ತಡವಾಗಿ ಹೊಳೆಯಿತು. "ಅಯ್ಯೋ, ಹಾಗಲ್ಲ ಮಾರಾಯ್ರೆ, ಪ್ರಮೋಷನ್ ವಿಷಯ ಕೇಳಿದ್ದು" ಅಂತ ಕೈ ಮುಗಿದರು, ಪಾಪ.

ಆ ಇನ್ನೊಂದು ಮೇಲಕ್ಕೆ ನಾವೆಲ್ಲ ಹೋಗುವವರೇ. ಅಲ್ಲಿ ಸೀನಿಯಾರಿಟಿಯನ್ನೂ ನೋಡುವುದಿಲ್ಲ. ಆದರೆ ಬದುಕಿರುವಾಗಲೂ ಮೇಲೆ ಹೋಗುತ್ತಲೇ ಇರಬೇಕು, ಒಂದು ಕಡೆ ನಿಂತರೆ ಅವರಲ್ಲೇನೋ ಐಬಿದೆ ಅನ್ನುವ ಲೆಕ್ಕ ಇದೆಯಲ್ಲ, ಅದರ ಬಗ್ಗೆ ಇವತ್ತು ಮಾತಾಡುತ್ತೇನೆ. ಸಂಘದವರು ನನಗೆ ಕೊಟ್ಟ ವಿಷಯ 'ವೃತ್ತಿಯಲ್ಲಿ ಏಳಿಗೆ'. ಎರಡು ಸಲ ಪ್ರಮೋಷನ್ ಬೇಡ ಅಂತ ಬರೆದುಕೊಟ್ಟವಳು ನಾನು, ನನ್ನನ್ನು ಯಾಕೆ ಕರೀತೀರಿ ಅಂತ ಕೇಳಿದೆ. ಅದಕ್ಕೇ ಬನ್ನಿ ಅಂದರು.

1982ರಲ್ಲಿ ಗುಮಾಸ್ತೆಯಾಗಿ ಸೇರಿದೆ. 2020ರಲ್ಲಿ ಹೆಡ್ ಕ್ಯಾಷಿಯರ್ ಆಗಿ ನಿವೃತ್ತಿಯಾದೆ. ಅಷ್ಟೇ ನನ್ನ ಏಣಿ. ಬ್ಯಾಂಕಿನ ಹೆಸರು ಬೇಡ. ನಮ್ಮ ಕರಾವಳಿಯಲ್ಲಿ ಬ್ಯಾಂಕುಗಳಿಗೇನು ಬರಗಾಲವಾ? ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್, ಐದೂ ಹುಟ್ಟಿದ್ದು ಹಳೇ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ. ಹಾಗಾಗಿ ನಮ್ಮ ಕಡೆ 'ಸ್ಕೇಲ್ ಎಷ್ಟು?' ಅಂತ ಕೇಳುವುದು 'ಊಟ ಆಯ್ತಾ?' ಅಂತ ಕೇಳಿದಷ್ಟು ಸಲೀಸು. ಹೊಸ ಆಫೀಸರ್ ಅಂದರೆ ಸ್ಕೇಲ್ ಒಂದು. ಜನರಲ್ ಮ್ಯಾನೇಜರ್ ಅಂದರೆ ಸ್ಕೇಲ್ ಏಳು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವರು ಪಾಯಸ ಬರುವುದರೊಳಗೆ ಒಬ್ಬರದ್ದೊಬ್ಬರು ಸ್ಕೇಲ್ ತಿಳಿದುಕೊಂಡಿರುತ್ತಾರೆ. ಗುಮಾಸ್ತರಿಗೆ ಸ್ಕೇಲ್ ನಂಬರೇ ಇಲ್ಲ. ನನ್ನ ಸರದಿ ಬಂದಾಗ ನಾನು ಸಾರಿಗೆ ಉಪ್ಪು ಕಮ್ಮಿ ಅಂತ ಮಾತು ತಿರುಗಿಸುತ್ತಿದ್ದೆ.

ಈಗ ನಿಮ್ಮನ್ನೇ ಕೇಳುತ್ತೇನೆ. ಪ್ರಮೋಷನ್ ಅಂದರೆ ಏನು? ಸಂಬಳ ಜಾಸ್ತಿ, ಸರಿ. ಗೌರವ, ಸರಿ. ಆದರೆ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆ ಕುರ್ಚಿಯಲ್ಲಿ ಕೂತು ಮಾಡುವುದೇನು?

ನನ್ನ ಕೆಲಸ ಹಣ ತೆಗೆದುಕೊಳ್ಳುವುದು, ಕೊಡುವುದು, ಸಂಜೆ ಟ್ಯಾಲಿ ಮಾಡುವುದು, ಆಫೀಸರ್ ಜೊತೆ ಸ್ಟ್ರಾಂಗ್ ರೂಮಿಗೆ ಹೋಗಿ ಇಬ್ಬರ ಕೀಲಿಯನ್ನೂ ಹಾಕಿ ಬೀಗ ಹಾಕುವುದು. ನನಗೆ ಪ್ರಮೋಷನ್ ಸಿಕ್ಕಿದ್ದರೆ ಇದೇ ಕೆಲಸವನ್ನು ಇನ್ನೂ ಚೆನ್ನಾಗಿ, ಇನ್ನೂ ದೊಡ್ಡದಾಗಿ ಮಾಡುತ್ತಿದ್ದೆನಾ? ಇಲ್ಲ. ನೋಟು ಮುಟ್ಟುವುದೇ ನಿಂತುಹೋಗುತ್ತಿತ್ತು. ಸಾಲದ ಅರ್ಜಿ ನೋಡಬೇಕು, ವಸೂಲಿಗೆ ಹೋಗಬೇಕು, ಡೆಪಾಸಿಟ್ ಟಾರ್ಗೆಟ್, ಇನ್ಶೂರೆನ್ಸ್ ಟಾರ್ಗೆಟ್, ರೀಜನಲ್ ಆಫೀಸಿನ ಫೋನು. ಅದು ಒಳ್ಳೆಯ ಕೆಲಸವೇ. ಆದರೆ ಬೇರೆ ಕೆಲಸ. ಕೆಲಸ ಬದಲಾಯಿಸುತ್ತೇವೆ, ಬರುತ್ತೀರಾ ಅಂತ ಕೇಳಿದರೆ ಯಾರಾದರೂ ನಾಲ್ಕು ದಿನ ಯೋಚನೆ ಮಾಡುತ್ತಾರೆ. ಅದನ್ನೇ ಬಹುಮಾನ ಅಂತ ಹೆಸರಿಟ್ಟು ಕೊಟ್ಟರೆ ಯೋಚನೆ ಮಾಡುವವನೇ ದಡ್ಡನಾಗುತ್ತಾನೆ. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಆದರೆ ಸಂಘದವರು ಒಂದು ಗಂಟೆ ಕೊಟ್ಟಿದ್ದಾರಲ್ಲ, ಮುಂದುವರಿಸುತ್ತೇನೆ.

ನಮ್ಮ ಶಾಖೆಗೆ ಒಬ್ಬರು ಮ್ಯಾನೇಜರ್ ಬಂದಿದ್ದರು. ಗುಮಾಸ್ತರಾಗಿ ಸೇರಿ ಮೇಲೆ ಬಂದವರು. ಒಂದು ಕಾಲದಲ್ಲಿ ನೋಟು ಎಣಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಅಂತ ಹೆಸರಿತ್ತು. ಆಗ ನೂರು ನೋಟಿನ ಪ್ಯಾಕೆಟ್ಟಿಗೆ ಸ್ಟೇಪಲ್ ಪಿನ್ ಹೊಡೆದಿರುತ್ತಿತ್ತು. 2001ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿತು, ಈಗಿನವರಿಗೆ ಆ ಕಷ್ಟ ಗೊತ್ತಿಲ್ಲ. ಪಿನ್ ಕಿತ್ತು ಕಿತ್ತು ನಮ್ಮೆಲ್ಲರ ಹೆಬ್ಬೆರಳಿನ ಉಗುರಿನ ಬದಿ ಒರಟಾಗಿರುತ್ತಿತ್ತು. ಅವರ ಬೆರಳಲ್ಲೂ ಆ ಗುರುತಿತ್ತು.

ಮ್ಯಾನೇಜರಾಗಿ ಅವರು ಕೆಟ್ಟವರಲ್ಲ. ಆದರೆ ಸಾಲ ಕೇಳಿ ಬಂದವರಿಗೆ ಇಲ್ಲ ಅನ್ನುವುದಕ್ಕೆ ಬಾಯಿ ಬರುತ್ತಿರಲಿಲ್ಲ. ಕೊಟ್ಟವರ ಹತ್ತಿರ ವಾಪಸ್ ಕೇಳುವುದಕ್ಕೂ ಬಾಯಿ ಬರುತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿ ಫೋನ್ ಹೊಡೆದುಕೊಂಡರೆ ಮೊದಲು ಒಂದು ನಿಮಿಷ ಅದನ್ನು ಸುಮ್ನೆ ನೋಡುತ್ತಾ ಕೂರುತ್ತಿದ್ದರು. ಸಂಜೆ ನಾಲ್ಕಕ್ಕೆ ಬಾಗಿಲು ಹಾಕಿದ ಮೇಲೆ ಮೆಲ್ಲಗೆ ನನ್ನ ಕ್ಯಾಷ್ ಕೇಜಿನ ಹತ್ತಿರ ಬರುತ್ತಿದ್ದರು. "ಒಂದೆರಡು ಪ್ಯಾಕೆಟ್ ಕೊಡಿ ಮೇಡಂ, ಕೈ ಮರೆತುಹೋಗ್ತದೆ." ಒಳಗೆ ಕೂತು, ಕಟ್ಟನ್ನು ಎಡಗೈ ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಸ್ಪಂಜಿಗೆ ಬೆರಳು ಒತ್ತಿ ಎಣಿಸುತ್ತಿದ್ದರು. ನೋಟಿನ ಸದ್ದು ಒಂದೇ ಸಮ ಬರುತ್ತಿತ್ತು, ಹೊಲಿಗೆ ಮೆಷಿನ್ ಓಡಿದ ಹಾಗೆ. ಆ ಹತ್ತು ನಿಮಿಷ ಅವರ ಮುಖ ನೋಡಬೇಕಿತ್ತು ನೀವು. ಆಮೇಲೆ ಎದ್ದು, ಮತ್ತೆ ಕ್ಯಾಬಿನ್ನಿಗೆ.

ನನ್ನನ್ನು ಯಾರಾದರೂ ಪ್ರಮೋಷನ್ ಯಾಕೆ ಬೇಡ ಅಂದಿರಿ ಅಂತ ಕೇಳಿದರೆ ದೊಡ್ಡ ದೊಡ್ಡ ಕಾರಣ ಹುಡುಕುವ ಬದಲು ಈ ಹತ್ತು ನಿಮಿಷದ ಕತೆ ಹೇಳಿಬಿಡುತ್ತೇನೆ.

ಇದಕ್ಕೆ ಒಂದು ಹೆಸರೇ ಇದೆಯಂತೆ. ಲಾರೆನ್ಸ್ ಪೀಟರ್ ಅಂತ ಕೆನಡಾದ ಶಿಕ್ಷಣ ತಜ್ಞ, 1969ರಲ್ಲಿ ಅರ್ಧ ತಮಾಷೆಯಾಗಿ ಒಂದು ಸೂತ್ರ ಬರೆದ. ಕೆಲಸ ಚೆನ್ನಾಗಿ ಮಾಡಿದವರನ್ನು ಮೇಲಕ್ಕೆ ಹಾಕುತ್ತಾರೆ. ಅಲ್ಲೂ ಚೆನ್ನಾಗಿ ಮಾಡಿದರೆ ಇನ್ನೂ ಮೇಲೆ. ಯಾವ ಕುರ್ಚಿಯಲ್ಲಿ ಕೈಲಾಗುವುದಿಲ್ಲವೋ ಅಲ್ಲಿ ಮಾತ್ರ ನಿಲ್ಲಿಸುತ್ತಾರೆ. ಹಾಗಾದರೆ ಕೊನೆಗೆ ಎಲ್ಲ ಕುರ್ಚಿಯಲ್ಲೂ ಅದು ಕೈಲಾಗದವರೇ ತುಂಬಿರುತ್ತಾರೆ ಅಂತ. ನಮ್ಮಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣ ಆದದ್ದೂ ಅದೇ 1969ರಲ್ಲಿ. ಎರಡಕ್ಕೂ ಸಂಬಂಧ ಇಲ್ಲ, ಸುಮ್ನೆ ನೆನಪಾಯಿತು.

ಬೆನ್ಸನ್, ಲೀ, ಶೂ ಅಂತ ಅಮೆರಿಕದ ಮೂವರು ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ತಮಾಷೆಯನ್ನೇ ಲೆಕ್ಕ ಹಾಕಿ ನೋಡಿದರು. ಎಷ್ಟೋ ಕಂಪನಿಗಳ ಮಾರಾಟ ವಿಭಾಗದ ಅಂಕಿ ಅಂಶ ಹಿಡಿದು ಕೂತರು. ಜಾಸ್ತಿ ಮಾರಿದವರನ್ನೇ ಮ್ಯಾನೇಜರ್ ಮಾಡುತ್ತಾರೆ. ಆದರೆ ಹಾಗೆ ಜಾಸ್ತಿ ಮಾರಿ ಮ್ಯಾನೇಜರ್ ಆದವರ ಕೈ ಕೆಳಗಿನವರ ಮಾರಾಟ ಇಳಿಯುತ್ತದೆ. ನಷ್ಟ ಎರಡು ಕಡೆ. ಚೆನ್ನಾಗಿ ಮಾರುವವನೂ ಹೋದ, ಚೆನ್ನಾಗಿ ನಡೆಸುವವನೂ ಸಿಗಲಿಲ್ಲ.

ಅಮೆರಿಕದವರೆಗೆ ಯಾಕೆ, ನಮ್ಮ ಸರ್ಕಾರಿ ಶಾಲೆ ನೋಡಿ. ಇಲ್ಲಿ ಮೇಷ್ಟ್ರುಗಳು ಯಾರಾದರೂ ಇದ್ದೀರಾ? ಅಲ್ಲಿ ಹಿಂದೆ ಇಬ್ಬರು ಕೈ ಎತ್ತಿದ್ದೀರಿ, ನಗ್ತಾನೂ ಇದ್ದೀರಿ. ಲೆಕ್ಕ ಚೆನ್ನಾಗಿ ಪಾಠ ಮಾಡುವ ಮೇಷ್ಟ್ರಿಗೆ ಹೆಡ್‌ಮಾಸ್ಟರ್ ಬಡ್ತಿ ಬರುತ್ತದೆ. ಬಂದ ದಿನದಿಂದ ಅವರ ಲೆಕ್ಕವೇ ಬೇರೆ. ಬಿಸಿಯೂಟಕ್ಕೆ ಅಕ್ಕಿ ಎಷ್ಟು ಬಂತು, ಬೇಳೆ ಎಷ್ಟು ಉಳಿಯಿತು, ಹಾಲಿನ ಪುಡಿ ಎಷ್ಟು, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು. ಸಿಲಿಂಡರ್ ಮುಗಿಯಿತಾ, ಶೌಚಾಲಯಕ್ಕೆ ನೀರು ಬಂತಾ, ಬಿಇಒ ಆಫೀಸಿಗೆ ಮಾಹಿತಿ ಹೋಯಿತಾ. ಇದೆಲ್ಲ ಬೇಕಾದ ಕೆಲಸವೇ, ಮಕ್ಕಳು ಊಟ ಮಾಡಬೇಕಲ್ಲ. ಆದರೆ ಬೀಜಗಣಿತ ಹೇಳಿಕೊಟ್ಟದ್ದಕ್ಕೆ ಮೆಚ್ಚಿ ಮೊಟ್ಟೆ ಎಣಿಸಲು ಕೂರಿಸುವುದು ಎಂಥ ಮೆಚ್ಚುಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ನನ್ನ ಎರಡು 'ಬೇಡ'ಗಳ ವಿಷಯಕ್ಕೆ ಬರುತ್ತೇನೆ. ಎರಡೂ ಒಂದೇ ಅಲ್ಲ. ಇಲ್ಲಿ ಹೆಂಗಸರು ಜಾಸ್ತಿ ಇದ್ದೀರಿ, ಹಾಗಾಗಿ ಇದನ್ನು ಬಿಡಿಸಿಯೇ ಹೇಳುತ್ತೇನೆ.

ಮೊದಲನೆಯದು 1991ರಲ್ಲಿ. ಪರೀಕ್ಷೆ ಬರೆದು ಪಾಸಾಗಿದ್ದೆ. ಮಗಳಿಗೆ ಮೂರು ವರ್ಷ. ಬ್ಯಾಂಕಿನಲ್ಲಿ ಆಫೀಸರ್ ಆದರೆ ಟ್ರಾನ್ಸ್‌ಫರ್ ಕಟ್ಟಿಟ್ಟ ಬುತ್ತಿ. ಬಿಹಾರವೂ ಆಗಬಹುದು, ಬಳ್ಳಾರಿಯೂ ಆಗಬಹುದು. ಮನೆಯಲ್ಲಿ ಸಭೆ ಸೇರಿತು. ಗಂಡ, ಅತ್ತೆ, ಭಾವ, ಆಚೆಮನೆಯವರು ಕೂಡ. ಎಲ್ಲರೂ ಮಾತಾಡಿದರು. ನಾನು ಎಲ್ಲರಿಗೂ ಕಾಫಿ ಕೊಟ್ಟೆ. ಕೊನೆಗೆ "ಅವಳಿಗೇ ಆಸೆ ಇಲ್ಲ ಬಿಡಿ" ಅಂತ ತೀರ್ಮಾನ ಆಯಿತು. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೋಗುತ್ತೇನೆ ಅಂತಿದ್ದೆನೋ ಏನೋ. ಮರುದಿನ ಬೇಡ ಅಂತ ನಾನೇ ಬರೆದು ಸಹಿ ಹಾಕಿದೆ. ಫೈಲಿನಲ್ಲಿ ಅದು ನನ್ನ ಇಷ್ಟ. ಅದೇ ವರ್ಷ ನನ್ನ ಜೊತೆ ಪಾಸಾದ ಗಂಡಸರೊಬ್ಬರು ಪುಣೆಗೆ ಹೋದರು. ಅವರ ಮನೆಯಲ್ಲಿ ಸಭೆ ಸೇರಲಿಲ್ಲ, ಹೋಳಿಗೆ ಮಾಡಿದರು.

ಎರಡನೆಯದು 2004ರಲ್ಲಿ. ಮಗಳು ಹೈಸ್ಕೂಲು ಮುಗಿಸುತ್ತಿದ್ದಳು. ಅತ್ತೆ ಇರಲಿಲ್ಲ. ಗಂಡನೇ "ಈ ಸಲ ಹೋಗು, ನಾನು ನೋಡ್ಕೊಳ್ತೇನೆ" ಅಂದರು. ಮೂರು ದಿನ ಯೋಚನೆ ಮಾಡಿದೆ. ಆ ಮ್ಯಾನೇಜರ್ ಸಂಜೆ ಹೊತ್ತು ಎಣಿಸುತ್ತಿದ್ದದ್ದು ನೆನಪಾಯಿತು. ನನ್ನ ಕಿಂಡಿಯ ಮುಂದೆ ಬರುವವರು ನೆನಪಾದರು. ಬೇಡ ಅಂತ ಬರೆದುಕೊಟ್ಟೆ. ಅಕ್ಷರ ಅವೇ, ಸಹಿಯೂ ಅದೇ. ಆದರೆ ಈ ಕಾಗದ ನನ್ನದು.

ಯಾಕೆ ಹೇಳಿದೆ ಅಂದರೆ, ಹೆಂಗಸರಿಗೆ ಮಹತ್ವಾಕಾಂಕ್ಷೆ ಕಮ್ಮಿ, ಅವರು ಇದ್ದಲ್ಲೇ ಸುಖ ಅಂತ ಹೇಳುವವರು ಎರಡನ್ನೂ ಒಂದೇ ಫೈಲಿಗೆ ಹಾಕುತ್ತಾರೆ. ನನ್ನ ಮಾತನ್ನೂ ಅದೇ ಫೈಲಿಗೆ ಹಾಕಬೇಡಿ. 'ಹೋಗಲ್ಲ' ಅನ್ನುವುದಕ್ಕೆ ಬೆಲೆ ಬರುವುದು 'ಹೋಗ್ತೇನೆ' ಅನ್ನುವುದಕ್ಕೆ ದಾರಿ ಇದ್ದಾಗ.

ಇದೇ ಮಾತನ್ನು ಹಿಂದೆ ಇನ್ನೊಂದು ಊರಿನಲ್ಲಿ ಆಡಿದ್ದಾಗ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ನಮ್ಮ ಮನೆಯಲ್ಲಿ ಸರ್ಕಾರಿ ಕೆಲಸಕ್ಕೆ ಹೋದವರಲ್ಲಿ ಅಪ್ಪನೇ ಮೊದಲು. ಅವರು ಬಡ್ತಿಗೋಸ್ಕರ ಕೋರ್ಟು ಮೆಟ್ಟಿಲು ಹತ್ತಿದ್ದಾರೆ. ಮೇಲೆ ಹೋಗೋದು ಬೇಡ ಅನ್ನೋದು ಮೇಲೆ ಇದ್ದವರಿಗೆ ಸುಲಭ" ಅಂದ. ಆವತ್ತು ನನಗೆ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಮನೆಗೆ ಬಂದು ಓದಿಕೊಂಡೆ. 1992ರಲ್ಲಿ ಸುಪ್ರೀಂ ಕೋರ್ಟಿನ ಇಂದ್ರಾ ಸಾಹ್ನಿ ತೀರ್ಪು ಬಡ್ತಿಯಲ್ಲಿ ಮೀಸಲಾತಿ ಕೂಡದು ಅಂದಿತು. 1995ರಲ್ಲಿ ಸಂವಿಧಾನದ 77ನೇ ತಿದ್ದುಪಡಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಅದನ್ನು ವಾಪಸ್ ತಂದಿತು. ನಮ್ಮ ರಾಜ್ಯದ 2002ರ ಕಾಯ್ದೆಯಲ್ಲಿ ಹಾಗೆ ಬಡ್ತಿ ಪಡೆದವರಿಗೆ ಜ್ಯೇಷ್ಠತೆ ಕೊಟ್ಟಿದ್ದ ಭಾಗವನ್ನು ಸುಪ್ರೀಂ ಕೋರ್ಟು 2017ರಲ್ಲಿ ಬಿ.ಕೆ. ಪವಿತ್ರ ಪ್ರಕರಣದಲ್ಲಿ ರದ್ದು ಮಾಡಿತು. ಸರ್ಕಾರ ಹೊಸ ಕಾಯ್ದೆ ತಂದಿತು, ಅದನ್ನು 2019ರಲ್ಲಿ ಅದೇ ಕೋರ್ಟು ಒಪ್ಪಿತು. ಇಷ್ಟು ವರ್ಷ ಹೋರಾಡಿದ್ದು ಒಂದು ಕುರ್ಚಿಗಲ್ಲ, ಆ ಕುರ್ಚಿಯಲ್ಲಿ ಕೂತು ಸಹಿ ಹಾಕುವ ಕೈ ಯಾರದ್ದು ಅನ್ನುವುದಕ್ಕೆ. ಆ ಹುಡುಗ ಹೇಳಿದ್ದು ಸರಿ. ಬಾಗಿಲು ಹಾಕಿದ್ದರಿಂದ ಹೊರಗೇ ನಿಂತವರ ಮುಂದೆ ಹೋಗಿ ಒಳಗೆ ಸೆಕೆ ಜಾಸ್ತಿ ಅಂತ ಹೇಳಬಾರದು.

ಹಾಗಾದರೆ ನಾನು ಯಾರಿಗೆ ಹೇಳುತ್ತಿದ್ದೇನೆ? ಬಾಗಿಲು ತೆರೆದಿದೆ, ಹೋಗಲು ಮನಸ್ಸಿಲ್ಲ, ಆದರೂ ಹೋಗದಿದ್ದರೆ ಜನ ಏನಂತಾರೋ ಅಂತ ಹೋಗುತ್ತಿರುವವರಿಗೆ. ಅಂಥವರು ಈ ಹಾಲಿನಲ್ಲೇ ಹತ್ತು ಜನ ಇದ್ದೀರಿ. ಯಾರು ಅಂತ ಕೈ ಎತ್ತಿಸುವುದಿಲ್ಲ.

ಜನ ಅನ್ನುವುದು ಬಿಡಿ, ನಿಯಮವೇ ಹಾಗಿದೆ. ಕೇಂದ್ರ ಸರ್ಕಾರದಲ್ಲಿ ಎಂಎಸಿಪಿ ಅಂತ ಒಂದು ಯೋಜನೆ ಇದೆ, 2008ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಬಡ್ತಿ ಸಿಗದೆ ಇದ್ದವರಿಗೆ 10, 20, 30 ವರ್ಷಕ್ಕೆ ಸಂಬಳದಲ್ಲಿ ಒಂದೊಂದು ಮೆಟ್ಟಿಲು ಹತ್ತಿಸುತ್ತಾರೆ. ಕೆಲಸ ಅದೇ, ಸಂಬಳ ಮೇಲೆ. ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಒಳಗೊಂದು ಷರತ್ತಿದೆ. ಬಡ್ತಿ ಕೊಟ್ಟಾಗ ನೀವು ಬೇಡ ಅಂದಿದ್ದರೆ ಈ ಸವಲತ್ತು ಇಲ್ಲ. ನೀವು ಅವಕಾಶ ಇಲ್ಲದೆ ನಿಂತವರಲ್ಲವಲ್ಲ, ಅದಕ್ಕೆ. ಅಂದರೆ ಬಡ್ತಿ ಸಿಗದವರಿಗೆ ಕನಿಕರ ಇದೆ, ಬೇಡ ಅಂದವರಿಗೆ ದಂಡ ಇದೆ. ನಮ್ಮ ಬ್ಯಾಂಕಿನಲ್ಲೂ ಬೇಡ ಅಂದರೆ ಕೆಲವು ವರ್ಷ ಪರೀಕ್ಷೆಗೇ ಕೂರಿಸುತ್ತಿರಲಿಲ್ಲ.

ಬ್ಯಾಂಕಿನ ಇನ್ನೊಂದು ಮಾತು ಹೇಳಲೇಬೇಕು. ಸಂಬಳದ ಸ್ಕೇಲಿನ ಕೊನೆ ಮುಟ್ಟಿದ ಮೇಲೆ ನಮಗೆ ಕೆಲವು ವರ್ಷಕ್ಕೊಮ್ಮೆ ಒಂದು ಇನ್‌ಕ್ರಿಮೆಂಟ್ ಕೊಡುತ್ತಾರೆ. ಅದರ ಹೆಸರು ಸ್ಟ್ಯಾಗ್ನೇಷನ್ ಇನ್‌ಕ್ರಿಮೆಂಟ್. ಕನ್ನಡದಲ್ಲಿ ಹೇಳಿದರೆ ನಿಂತ ನೀರಿನ ಭತ್ಯೆ! ಸಂಬಳದ ಚೀಟಿಯಲ್ಲಿ ಅದನ್ನು ಮೊದಲ ಸಲ ನೋಡಿದಾಗ ದುಡ್ಡು ಬಂದದ್ದಕ್ಕೆ ಖುಷಿ ಪಡಬೇಕೋ, ಬೈದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಕೋ ಗೊತ್ತಾಗಲಿಲ್ಲ. ನನ್ನ ಗಂಡ ಮಾತ್ರ ನಮ್ಮ ಹಿತ್ತಲಿನ ಬಾವಿ ತೋರಿಸಿ, "ಅದೂ ನಿಂತ ನೀರೇ, ದಿನಾ ಕುಡೀತೀಯಲ್ಲ" ಅಂದರು. ಅವರು ಹಾಗೆ ಮಾತಾಡುವುದು ಅಪರೂಪ.

ಈ ನಿಂತ ನೀರಿನ ಬೆಲೆ ಗೊತ್ತಾದದ್ದು 2016ರ ನವೆಂಬರಿನಲ್ಲಿ. 8ನೇ ತಾರೀಕು ರಾತ್ರಿ ಟೀವಿಯಲ್ಲಿ ಸುದ್ದಿ ಬಂತು, 500, 1000ದ ನೋಟು ನಡೆಯುವುದಿಲ್ಲ ಅಂತ. 9ಕ್ಕೆ ಬ್ಯಾಂಕು ರಜೆ. 10ಕ್ಕೆ ನಾವು ಬಾಗಿಲು ತೆಗೆಯುವುದಕ್ಕೆ ಹೋದರೆ ಕ್ಯೂ ಮೀನು ಮಾರ್ಕೆಟ್ಟಿನ ತಿರುವಿನವರೆಗೆ ಹೋಗಿತ್ತು.

ಇದ್ದದ್ದು ಎರಡು ಕ್ಯಾಷ್ ಕೌಂಟರು. ಇನ್ನೆರಡು ಟೇಬಲ್ ಹಾಕಿದೆವು. ಒಂದರಲ್ಲಿ ಹೊಸದಾಗಿ ಬಂದ ಪ್ರೊಬೇಷನರಿ ಆಫೀಸರ್ ಹುಡುಗ ಕೂತ. ಬುದ್ಧಿವಂತ, ದೊಡ್ಡ ಪರೀಕ್ಷೆ ಗೆದ್ದು ಬಂದವನು. ನೇರವಾಗಿ ಆಫೀಸರ್ ಆಗಿ ಸೇರಿದ್ದರಿಂದ ಕ್ಯಾಷ್ ಮುಟ್ಟಿದ ಅಭ್ಯಾಸವೇ ಇಲ್ಲ. ಮೊದಲ ದಿನ ಸಂಜೆ ಟ್ಯಾಲಿ ಮಾಡಿದರೆ ಅವನದ್ದು 8,500 ರೂಪಾಯಿ ಶಾರ್ಟು. ಕ್ಯಾಷ್ ಕಮ್ಮಿ ಬಂದರೆ ಕೂತವರೇ ಕೈಯಿಂದ ಕಟ್ಟಬೇಕು. ಅವನು ಕಟ್ಟಿದ. ಕಣ್ಣಲ್ಲಿ ನೀರಿತ್ತು, ಸರ್ಟಿಫಿಕೇಟ್ ಜ್ಞಾನ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ ಅಂತ ಆಗಲೇ ಹೇಳುವಷ್ಟು ಕಲ್ಲು ಮನಸ್ಸು ನನಗಿರಲಿಲ್ಲ.

ಮೀನು ಮಾರುವ ಹೆಂಗಸರು ಬರುತ್ತಿದ್ದರು. ಸೊಂಟದ ಚೀಲದಿಂದ, ಅಕ್ಕಿ ಡಬ್ಬದಿಂದ ತೆಗೆದ ನೋಟುಗಳು. ಒದ್ದೆ, ಉಪ್ಪು, ಮೀನಿನ ವಾಸನೆ, ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಎಣಿಸುವ ಮೆಷಿನ್ನಿಗೆ ಹಾಕಿದರೆ ಕಚ್ಚಿಕೊಂಡು ನಿಂತುಬಿಡುತ್ತಿತ್ತು. ಕೈಯಲ್ಲೇ ಎಣಿಸಬೇಕು. ಆ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದೆ. "ನೋಟಿನ ಮುಖ ನೋಡಬೇಡ ಮಗಾ, ಅಂಚು ನೋಡು. ಎರಡು ಅಂಟಿದ್ದರೆ ಅಂಚು ದಪ್ಪ ಕಾಣ್ತದೆ. ಖೋಟಾ ನೋಟು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗ್ತದೆ, ಜಾರ್ತದೆ." ಅವನು ಕಲಿತ. ಬೇಗ ಕಲಿತ, ಅದನ್ನು ಹೇಳಬೇಕು.

ಆ ದಿನಗಳಲ್ಲಿ ಒಬ್ಬ ಮುದುಕಿ ನನ್ನ ಕೌಂಟರಿನ ಕ್ಯೂ ಉದ್ದ ಇದ್ದರೂ ಅಲ್ಲೇ ನಿಂತಿದ್ದಳು. ಪಕ್ಕದ ಟೇಬಲ್ಲಿಗೆ ಹೋಗಿ ಅಂದರೆ ಹೋಗಲಿಲ್ಲ. ಅವಳ ಹತ್ತಿರ ಮಗನಿಗೆ ಗೊತ್ತಿಲ್ಲದ ಹದಿಮೂರು ಸಾವಿರ ಇತ್ತು. ಅದನ್ನು ಹೊಸ ಮುಖಕ್ಕೆ ಹೇಳುವುದು ಹೇಗೆ? ಕಿಂಡಿಯಲ್ಲಿ ಬಗ್ಗಿ ಕಿವಿಯಲ್ಲಿ ಹೇಳಿದ ಹಾಗೆ ಹೇಳಿದಳು. ಇಪ್ಪತ್ತು ವರ್ಷ ಅದೇ ಕಿಂಡಿಯಲ್ಲಿ ಕೂತಿದ್ದಕ್ಕೆ ನನಗೆ ಸಿಕ್ಕ ಪದವಿ ಅದು ಅಂತ ಬೇಕಾದರೆ ಅನ್ನಿ. ವಿಸಿಟಿಂಗ್ ಕಾರ್ಡಿನಲ್ಲಿ ಹಾಕಲು ಬರುವುದಿಲ್ಲ. ನೋಟು ಬದಲಿಸಿದವರ ಬೆರಳಿಗೆ ಹಚ್ಚಲು ಆಮೇಲೆ ಮೈಸೂರಿನ ಶಾಯಿ ಬಂತು, ಚುನಾವಣೆಯದ್ದೇ. ನಮ್ಮ ಬೆರಳುಗಳು ಅಷ್ಟರಲ್ಲಿ ಶಾಯಿ ಇಲ್ಲದೆಯೇ ಕಪ್ಪಾಗಿದ್ದವು.

ಡಿಸೆಂಬರ್ 30ರವರೆಗೆ ಹೀಗೇ ನಡೆಯಿತು. ನಮ್ಮ ಶಾಖೆ ಆ ಐವತ್ತು ದಿನ ದಾಟಿದ್ದು ಯಾರಿಂದ? ಮೇಲಿನವರೂ ದುಡಿದರು, ಇಲ್ಲ ಅನ್ನುವುದಿಲ್ಲ. ಆದರೆ ಕೌಂಟರಿನಲ್ಲಿ ನುರಿತ ಕೈ ಎರಡೇ ಇದ್ದವು. ನಾವಿಬ್ಬರೂ ಮೇಲೆ ಹೋಗದೆ ಉಳಿದವರು. ಆಗ ಯಾರೂ ಬಂದು 'ನೀವಿನ್ನೂ ಇಲ್ಲೇ ಇದ್ದೀರಾ' ಅಂತ ಕೇಳಲಿಲ್ಲ. 'ಸದ್ಯ, ನೀವು ಇಲ್ಲೇ ಇದ್ದೀರಲ್ಲ' ಅಂದರು.

ಈ ನುರಿತ ಅನ್ನುವ ಮಾತು ನೋಡಿ. ಪಳಗಿದ ಕೈ ಅನ್ನುತ್ತೇವೆ, ಮಾಗಿದವರು ಅನ್ನುತ್ತೇವೆ. ಒಂದರಲ್ಲೂ ಏಣಿ ಇಲ್ಲ. 'ಮುಂದೆ ಬಂದ' ಅನ್ನುವುದರಲ್ಲೂ ಇಲ್ಲ. ನಡೆದು ಬಂದ ಅಷ್ಟೇ. ನಾನು ಭಾಷೆಯ ಪಂಡಿತೆ ಅಲ್ಲ, ನೋಟು ಎಣಿಸುವಾಗ ತಲೆ ಖಾಲಿ ಇರುತ್ತದೆ, ಇಂಥದ್ದೆಲ್ಲ ಹೊಳೆಯುತ್ತದೆ.

ನಮ್ಮ ಯಕ್ಷಗಾನದ ಮೇಳದಲ್ಲಿ ಏಣಿ ಇದೆ. ಹುಡುಗರು ಕೋಡಂಗಿ, ಬಾಲಗೋಪಾಲ ಕುಣಿದು ಶುರು ಮಾಡುತ್ತಾರೆ. ಆಮೇಲೆ ಸ್ತ್ರೀವೇಷ, ಎಳೆ ವಯಸ್ಸಿನ ವೀರರ ಪುಂಡು ವೇಷ, ಹಾಗೇ ಎರಡನೇ ವೇಷದವರೆಗೆ. ಮೇಳದ ಮುಖ್ಯ ವೇಷಕ್ಕೆ ಎರಡನೇ ವೇಷ ಅಂತ ಹೆಸರು, ಯಾಕೆಂದರೆ ಮೊದಲನೇ ವೇಷ ಅಂದರೆ ಹಾಡುವ ಭಾಗವತರು, ಅವರು ಬಣ್ಣ ಹಚ್ಚದೆ ಕೂತಿರುತ್ತಾರೆ. ಆದರೆ ಎಲ್ಲರೂ ಆ ಏಣಿ ಹತ್ತಲೇಬೇಕು ಅಂತಿಲ್ಲ. ಹಾಸ್ಯಗಾರ ಕೊನೆಯವರೆಗೂ ಹಾಸ್ಯಗಾರನೇ. ಪುತ್ತೂರು ಶ್ರೀಧರ ಭಂಡಾರಿಯವರು ಅಭಿಮನ್ಯು, ಬಬ್ರುವಾಹನನಂಥ ಪುಂಡು ವೇಷಗಳಿಂದಲೇ ಹೆಸರಾದವರು. ಅವರು ದಿಗಿಣ ತೆಗೆಯುವಾಗ, ಅಂದರೆ ಹಾರಿ ಹಾರಿ ಸುತ್ತುವಾಗ, ಜನ ಎಣಿಸುತ್ತಾ ಕೂರುತ್ತಿದ್ದರು. ತಲೆ ನರೆತ ಮೇಲೂ ಅವರು ಹದಿನಾರರ ಅಭಿಮನ್ಯುವೇ. ಇನ್ನೂ ಪುಂಡು ವೇಷದಲ್ಲೇ ಇದ್ದೀರಾ ಅಂತ ಯಾರಾದರೂ ಅವರನ್ನು ಕೇಳಿದ್ದರೆ ಟೆಂಟಿನವರು ಹೊಡೆಯುತ್ತಿದ್ದರು.

ನನಗೆ ಬೇಕಾದದ್ದು ಅಂಥ ವ್ಯವಸ್ಥೆ. ಏಣಿ ಇರಲಿ, ಹತ್ತುವವರು ಹತ್ತಲಿ. ಹತ್ತದವರ ಸಂಬಳ, ಮರ್ಯಾದೆ ಅಲ್ಲೇ ಬೆಳೆಯಲಿ. ಇದೇನು ಕನಸಲ್ಲ. ಐಬಿಎಂ ಕಂಪನಿಯವರು 1960ರ ದಶಕದಲ್ಲೇ ತಮ್ಮ ಅತ್ಯುತ್ತಮ ಎಂಜಿನಿಯರುಗಳಿಗೆ ಫೆಲೋ ಅಂತ ಗೌರವ ಶುರು ಮಾಡಿದರು. ದೊಡ್ಡ ಹುದ್ದೆ, ಆದರೆ ನೂರು ಜನರ ಹಾಜರಿ ನೋಡುವ ಕೆಲಸವಲ್ಲ. ನಮ್ಮ ಬ್ಯಾಂಕುಗಳಲ್ಲೂ ಸಿಎಐಐಬಿ ಅನ್ನುವ ಬ್ಯಾಂಕಿಂಗ್ ಪರೀಕ್ಷೆ ಪಾಸು ಮಾಡಿದ ಗುಮಾಸ್ತರಿಗೆ ಕೂತ ಸೀಟಿನಲ್ಲೇ ಇನ್‌ಕ್ರಿಮೆಂಟ್ ಸಿಗುತ್ತಿತ್ತು. ಅಂಥದ್ದು ಇನ್ನೂ ಹತ್ತು ಮಾಡಬಹುದು. ಸಣ್ಣ ಲೆಕ್ಕ ನೋಡಿ. ಹತ್ತು ಜನಕ್ಕೆ ಒಬ್ಬರು ಮೇಲಿನವರು ಅಂತಿಟ್ಟುಕೊಳ್ಳಿ. ಸಾವಿರ ಜನಕ್ಕೆ ನೂರು, ನೂರಕ್ಕೆ ಹತ್ತು, ಹತ್ತಕ್ಕೆ ಒಂದು. ಮೇಲೆ ಹೋದವರೇ ಗೆದ್ದವರು ಅಂತಾದರೆ ಹತ್ತರಲ್ಲಿ ಒಂಬತ್ತು ಜನ ಸೇರುವ ದಿನವೇ ಸೋತಿರುತ್ತಾರೆ. ಇದನ್ನು ಕ್ಯಾಷಿಯರ್ ಹೇಳಬೇಕಾ?

ನನ್ನ ಮಗಳ ವಿಷಯ ಹೇಳಿ ಮುಗಿಸುತ್ತೇನೆ. ಅವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಕೋಡ್ ಬರೆಯುವುದು ಅಂದರೆ ಅವಳಿಗೆ ಇಷ್ಟ. ಸಣ್ಣವಳಿದ್ದಾಗ ರಂಗೋಲಿ ಚುಕ್ಕಿ ಇಡುತ್ತಿದ್ದಳಲ್ಲ, ಹಾಗೇ ಕೂತಿರುತ್ತಾಳೆ. ಹೋದ ತಿಂಗಳು ಫೋನ್ ಮಾಡಿದಳು. "ಅಮ್ಮಾ, ನನ್ನನ್ನು ಮ್ಯಾನೇಜರ್ ಮಾಡ್ತಾರಂತೆ. ಹನ್ನೊಂದು ಜನರ ಟೀಮು. ಏನು ಮಾಡ್ಲಿ?" ನಾನು ಈ ಭಾಷಣ ಎಲ್ಲ ಅವಳ ಮುಂದೆ ಮಾಡಲಿಲ್ಲ. ಈಗಾಗಲೇ ಆ ಕುರ್ಚಿಯಲ್ಲಿ ಇರುವವರ ಹತ್ತಿರ ಹೋಗಿ, ಬೆಳಿಗ್ಗೆ ಬಂದು ಸಂಜೆ ಹೋಗುವವರೆಗೆ ಏನು ಮಾಡ್ತಾರೆ ಅಂತ ಒಂದು ದಿನದ್ದು ಕೇಳಿಕೊಂಡು ಬಾ ಅಂದೆ, ಅಷ್ಟೇ. ಹೋಗಿ ಕೇಳಿದಳು. ಬರೆದುಕೊಂಡೇ ಬಂದಳು. ನನಗೆ ಫೋನಿನಲ್ಲಿ ಓದಿ ಹೇಳಿದಳು. ಅದರಲ್ಲಿ ಕೋಡ್ ಅನ್ನುವ ಪದ ಒಂದು ಸಲವೂ ಬರಲಿಲ್ಲ. ನಾನೂ ಸುಮ್ಮನಿದ್ದೆ, ಅವಳೂ ಸುಮ್ಮನಿದ್ದಳು.

ಆಮೇಲೆ "ತಗೊಳ್ತೇನಮ್ಮಾ" ಅಂದಳು.

ಹದಿನೈದು ದಿನ ಆಯಿತು. ಮೊನ್ನೆ ಫೋನ್ ಮಾಡಿ ಹೇಗಿದೆ ಅಂತ ಕೇಳಿದೆ. "ಇವತ್ತು ಏಳು ಮೀಟಿಂಗ್" ಅಂದಳು. ಒಬ್ಬ ಹೊಸ ಹುಡುಗಿ ಅತ್ತುಬಿಟ್ಟಳಂತೆ, ಅವಳನ್ನು ಕ್ಯಾಂಟೀನಿಗೆ ಕರಕೊಂಡು ಹೋಗಿ ಒಂದು ಗಂಟೆ ಮಾತಾಡಿದಳಂತೆ. ಅದನ್ನು ಹೇಳುವಾಗ ದನಿ ಚೆನ್ನಾಗಿತ್ತು. ರಾತ್ರಿ ಹನ್ನೊಂದರ ಮೇಲೆ ಸುಮ್ನೆ ಸ್ವಲ್ಪ ಕೋಡ್ ಬರೀತೇನೆ, ಯಾರಿಗೂ ಹೇಳಿಲ್ಲ ಅಂದಳು.

ಊಟ ಆಯ್ತಾ ಅಂತ ಕೇಳಿದೆ.